ಅಕ್ಕನ ಮನೆಯ ಅಗುಳಿ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದುದರಿಂದ, ಒಂದು ಅಗುಳಿಯ ವಿಷಯ ಬರೆಯುವಾಗಲೂ ವಾಕ್ಯ ಎಲ್ಲಿ ಎಡವೀತೋ ಎಂಬ ಭಯ ನನ್ನನ್ನು ಬಿಟ್ಟಿಲ್ಲ. ನಿರೂಪಣೆಯಲ್ಲಿ ಕುಂದು ಕಂಡರೆ ದೋಷ ನನ್ನದು, ಅಗುಳಿಯದಲ್ಲ; ಸಹೃದಯರು ಕ್ಷಮಿಸಬೇಕು.

ಬಾಗಿಲಿನ ಅಗುಳಿಯೆಂಬುದು ಎಂಥ ನಿಗರ್ವಿ ವಸ್ತು! ಹೊಸ್ತಿಲಿಗೆ ಅರಿಶಿನ ಕುಂಕುಮ ಸಲ್ಲುತ್ತದೆ, ಬಾಗಿಲವಾಡಕ್ಕೆ ತೋರಣ ಸಲ್ಲುತ್ತದೆ. ಮನೆಯನ್ನು ಕಾಯುವ ಅಗುಳಿಗೆ ಮಾತ್ರ ತುಕ್ಕೇ ಗತಿ. ಶಿವಮೊಗ್ಗದಲ್ಲಿ ನನ್ನ ಅಕ್ಕ ಗೌರಿಯ ಮನೆಯ ಮುಂಬಾಗಿಲಿಗಿದ್ದ ಕಬ್ಬಿಣದ ಅಗುಳಿ, ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದ ಭಾವ ರುದ್ರಪ್ಪನವರ ಕೈಕೆಲಸ. ಮನೆ ಇಬ್ಬರ ಹೆಸರಿನಲ್ಲಿತ್ತು. ಭಾವನವರು ಭದ್ರಾವತಿಯಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ದಾಂಪತ್ಯ ಮುರಿಯಿತೇ ಹೊರತು ಪತ್ರದ ಮೇಲಿನ ಜೋಡಿ ಹೆಸರು ಮುರಿಯಲಿಲ್ಲ. ಎರಡು ವರ್ಷ ಕಳೆದ ಮೇಲೆ, ತಮ್ಮ ಅರ್ಧವನ್ನು ಮಲವಗೊಪ್ಪದ ಸಿದ್ದಪ್ಪನವರಿಗೆ ಮಾರುವುದಾಗಿಯೂ, ಅವರು ನಡುಮನೆಗೆ ಅಡ್ಡಗೋಡೆ ಎಬ್ಬಿಸುವರೆಂದೂ ಹೇಳಿಕಳುಹಿಸಿದರು. ಅದೇ ನಡುಮನೆಯಲ್ಲಿ ಅಕ್ಕ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಮಗಳು ಶಾಂತಳನ್ನು ಓದಿಸುತ್ತಿದ್ದಳು. ಗೋಡೆ ಎದ್ದರೆ ಅವಳ ಬದುಕಿನ ನಡುವೆಯೇ ಎದ್ದಂತೆ.

ಹಿತ್ತಿಲ ಖಾಲಿ ಜಾಗವನ್ನು ಭಾವನವರಿಗೆ ಬಿಟ್ಟು ಮನೆಯನ್ನು ತಾನು ಉಳಿಸಿಕೊಳ್ಳುವೆನೆಂದು ಅಕ್ಕ ಮೊದಲಿನಿಂದಲೂ ಹೇಳುತ್ತಿದ್ದಳು. ಕೇಳುವವರಿರಲಿಲ್ಲ. ಲಜ್ಜೆಯಿಂದ ಒಪ್ಪಿಕೊಳ್ಳುತ್ತೇನೆ, ನಾನೂ ಕೇಳಲಿಲ್ಲ. ವ್ಯಾಜ್ಯಕ್ಕಂಜಿ, ‘ಎಲ್ಲವನ್ನೂ ಮಾರಿ ತವರಿಗೆ ಬಂದುಬಿಡು’ ಎಂದು ಉಪದೇಶಿಸಿದ್ದೆ. ಆದರೂ ಭಾವನವರು ಸಿದ್ದಪ್ಪನವರನ್ನು ಮನೆ ತೋರಿಸಲು ಕರೆತರುವ ಬೆಳಿಗ್ಗೆ ಕೋಟು ತೊಟ್ಟು, ಅಕ್ಕನ ಪರವಾಗಿ ಶುದ್ಧ ಗ್ರಾಂಥಿಕ ಶೈಲಿಯ ಭಾಷಣವೊಂದನ್ನು ಬರೆದು ಜೇಬಿನಲ್ಲಿಟ್ಟುಕೊಂಡು ನಡುಮನೆಯಲ್ಲಿ ಸಜ್ಜಾಗಿ ನಿಂತಿದ್ದೆ. ಅಕ್ಕ ಹಿತ್ತಿಲ ಬಾವಿಗೆ ಹೋಗಿದ್ದಳು.

ಬಾಗಿಲು ಬಡಿದ ಸದ್ದಾಯಿತು. ಅಗುಳಿಗೆ ಕೈಹಾಕಿದೆ. ಅದು ಮಿಸುಕಲಿಲ್ಲ. ಭಾವನವರು ಹೋದ ಮೇಲೆ ಚೌಕಟ್ಟು ಒಂದಿಷ್ಟು ಕುಸಿದು ಅಗುಳಿ ಮೊಂಡಾಗಿತ್ತು. ಈ ಮನೆ ನಾಳೆ ಯಾರದಾಗುವುದೋ ಎಂದು ಅಕ್ಕ ಬಡಗಿಯನ್ನು ಕರೆಸಿರಲಿಲ್ಲ. ನಾನು ಬಾಗಿಲನ್ನು ಒಳಕ್ಕೆ ಜಗ್ಗಿದೆ. ಹೊರಗಿನಿಂದ ಭಾವನವರು ಭುಜ ಕೊಟ್ಟು ಒಳಕ್ಕೇ ದೂಡಿದರು. ಒಳಗೆ ಪದವೀಧರ, ಹೊರಗೆ ಪಾಲುದಾರ. ಬೆವರು ಇಬ್ಬರಿಗೂ ಸಮಪಾಲು.

“ಏನಯ್ಯಾ ಬಿ.ಎ., ಅಗುಳಿ ತೆಗೆಯೋಕೂ ಪರೀಕ್ಷೆ ಪಾಸಾಗ್ಬೇಕೇನೋ?” ಎಂದು ಭಾವನವರು ಗುಡುಗಿದರು.

ಹಿಂದೆಯೇ ಸಿದ್ದಪ್ಪನವರ ಮುದಿದನಿ ಕೇಳಿಸಿತು: “ಅವನ್ನ ಯಾಕೆ ಬೈತೀಯಾ ಮಾರಾಯ? ಅರ್ಧ ಮನೆ ನಂದು ಅಂದೆ. ಯಾವ ಅರ್ಧ, ಬಾಗಿಲಿಂದ ಈಚೆಗಿನದಾ?”

ಅಷ್ಟರಲ್ಲಿ ಅಕ್ಕ ಕೊಡವನ್ನಿಳಿಸಿ, ಸೆರಗಿಗೆ ಕೈಯೊರೆಸುತ್ತ ಬಂದಳು. “ಇಬ್ರೂ ಸುಮ್ನಿರಿ. ನೀನು ಎಳೀಬೇಡ್ವೋ, ಅವರೂ ದೂಡೋದು ನಿಲ್ಸಲಿ. ಒಳಕ್ಕೆ ಒತ್ತಿದಷ್ಟೂ ಅದು ಕಚ್ಕೊಳ್ಳುತ್ತೆ.”

ನಾನು ಎಳೆಯುತ್ತಿದ್ದುದೂ ಅವರು ದೂಡುತ್ತಿದ್ದುದೂ ಒಂದೇ ದಿಕ್ಕಿಗೆ ಎಂಬುದು ಆಗ ಹೊಳೆಯಿತು. ಓದುಗ ಮಿತ್ರರೇ, ಅಗುಳಿಯ ಮಾತು ಹಾಗಿರಲಿ; ಎರಡು ವರ್ಷಗಳ ನನ್ನ ಉಪದೇಶವೆಲ್ಲ ಅದೇ ದಿಕ್ಕಿನದಾಗಿತ್ತಲ್ಲವೇ! ಅಕ್ಕ ಮೊಣಕಾಲಿನಿಂದ ಬಾಗಿಲನ್ನು ಹೊರಕ್ಕೆ ಒತ್ತಿ, ಅಗುಳಿಯನ್ನು ಕೂದಲೆಳೆಯಷ್ಟು ಮೇಲೆತ್ತಿ ಸರಿಸಿದಳು. ಬಾಗಿಲು ಬೆಣ್ಣೆಯಂತೆ ತೆರೆಯಿತು.

ಭಾವನವರು ಅಗುಳಿಯನ್ನೇ ನೋಡುತ್ತ, “ಇದು ನಾನೇ ಮಾಡಿ ಹಾಕಿದ್ದು” ಎಂದರು.

“ಹಾಕಿದ್ದು ನೀವೇ. ತೆಗೆಯೋದು ಕಲ್ತಿದ್ದು ನಾನು” ಎಂದಳು ಅಕ್ಕ.

ಸಿದ್ದಪ್ಪನವರು ಹೊಸ್ತಿಲು ದಾಟಲಿಲ್ಲ. ಸಾಲಾಗಿದ್ದ ಹೊಲಿಗೆ ಯಂತ್ರಗಳನ್ನು ಅಲ್ಲಿಂದಲೇ ನೋಡಿ ತಲೆಯಾಡಿಸಿದರು. “ಬದುಕಿರೋ ಮನೆ ಸೀಳಿ ನಾನು ಗೋಡೆ ಕಟ್ಟೋನಲ್ಲಪ್ಪ. ಹಿತ್ತಿಲ ಜಾಗ ಕೊಡ್ತೀಯಾ, ತಗೋತೀನಿ. ಇಲ್ಲ, ಬಸ್ಸಿಗೆ ಹೊತ್ತಾಯ್ತು.” ಅಕ್ಕ ಎರಡು ವರ್ಷ ಹೇಳಿದ್ದ ಮಾತು ಕೊಳ್ಳುವವರ ಬಾಯಿಂದ ಬಂದಾಗ ಭಾವನವರಿಗೂ ನ್ಯಾಯವಾಗಿ ಕಂಡಿತು. “ಹಂಗೇ ಆಗ್ಲಿ” ಎಂದರು. ನನ್ನ ಭಾಷಣ ಜೇಬಿನಲ್ಲಿಯೇ ಉಳಿಯಿತು. ವಾಗ್ಮಿಯೊಬ್ಬ ಬಾಯಿ ತೆರೆಯದೆ ಗೆದ್ದ ಸಭೆ ಅದೊಂದೇ ಇರಬೇಕು!

ವಿಭಾಗಪತ್ರ ನೋಂದಣಿಯಾದ ಮರುದಿನವೇ ಅಕ್ಕ ಬಡಗಿಯನ್ನು ಕರೆಸಿ ಬಾಗಿಲನ್ನು ಸರಿಪಡಿಸಿದಳು. ಅಗುಳಿಯನ್ನು ಮಾತ್ರ ಬದಲಿಸಲಿಲ್ಲ, ಎಣ್ಣೆ ಹಾಕಿಸಿದಳು. ಈಗದು ಕಿರುಬೆರಳಿಗೇ ಸರಿಯುತ್ತದೆ. ನಾನು ಮಾತ್ರ ಪ್ರತಿಸಲವೂ ಗಂಭೀರವಾಗಿ ಮೊಣಕಾಲನ್ನು ಒತ್ತಿಯೇ ತೆಗೆಯುವುದನ್ನು ಕಂಡು ಶಾಂತ, “ಮಾವಾ, ಅದು ರಿಪೇರಿ ಆಗಿದೆ, ನೀವು ಯಾವಾಗ ಆಗೋದು?” ಎಂದು ನಗುತ್ತಾಳೆ.

ಆಮೇಲೆ ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು: ಮನೆ ಅಕ್ಕನೊಬ್ಬಳ ಹೆಸರಿನಲ್ಲಿದೆ, ಹೊಲಿಗೆ ತರಗತಿ ನಡೆಯುತ್ತಿದೆ, ಶಾಂತ ಕಾಲೇಜು ಸೇರಿದ್ದಾಳೆ. ಹಬ್ಬಕ್ಕೆ ಅಕ್ಕ ತವರಿಗೆ ಬರುವುದು ನಿಂತು, ನಾವೇ ಅವಳಲ್ಲಿಗೆ ಹೋಗುವ ರೂಢಿಯಾಗಿದೆ. ‘ಅಳಿಯನ ಮನೆ’ ಎನ್ನುತ್ತಿದ್ದ ಅಮ್ಮ ಈಗ ‘ಗೌರಿಯ ಮನೆ’ ಎನ್ನುತ್ತಾಳೆ.