ಬೋನಿಗೆ ಬೀಳದ ಇಲಿಯೂ ನನ್ನ ಭಾವನೂ
ನನ್ನ ಭಾವನ ಕೆಲಸ ಇಲಿ ಹಿಡಿಯುವುದು. ನಗಬೇಡಿ, ಕಾಗದದಲ್ಲಿ ಅದಕ್ಕೆ ‘ಕ್ಷೇತ್ರ ಸಹಾಯಕ’ ಎಂಬ ಗೌರವದ ಹೆಸರಿದೆ. ಕಾಲೇಜಿನ ಹಿಂದಿನ ಬಯಲಿನಲ್ಲಿ ಮೂವತ್ತು ತಗಡಿನ ಬೋನು ಇಟ್ಟು, ಬಿದ್ದ ಇಲಿಗಳನ್ನು ಬೆಳಿಗ್ಗೆ ಲ್ಯಾಬಿನ ಮೇಡಂಗೆ ಒಪ್ಪಿಸಬೇಕು. ಅದೇ ಲ್ಯಾಬಿನಲ್ಲಿ ಪಂಜರ ತೊಳೆಯುವವಳು ನಾನು, ಅವರ ಹೆಂಡತಿಯ ತಂಗಿ. ಕೆಲಸ ಕೊಡಿಸಿದ್ದು ಭಾವನೇ. ಹಾಗಾಗಿ ಅವರನ್ನು ಆಡಿಕೊಳ್ಳಬಾರದು ಎಂದು ಅಕ್ಕ ಹೇಳುತ್ತಾಳೆ. ಅಕ್ಕನ ಮಾತು ನಾನು ಯಾವತ್ತು ಕೇಳಿದ್ದೇನೆ?

ತಾಳ್ಮೆ ಹಂಚುವ ದಿನ ಭಾವ ಸಾಲಿನಲ್ಲಿ ನಿಂತಿರಲಿಲ್ಲ. ನಿಂತಿದ್ದರೂ ಅರ್ಧಕ್ಕೇ ಬಿಟ್ಟು ಬಂದಿರುತ್ತಾರೆ. ಬಸ್ಸು ನಿಲ್ಲುವ ಮುಂಚೆ ಇಳಿಯುತ್ತಾರೆ, ಚಹಾ ಆರುವ ಮುಂಚೆ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಾರೆ. ಅಕ್ಕನನ್ನು ಮೊದಲು ನೋಡಿದ್ದು ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ. ಇವರ ಟೋಕನ್ ಕೂಗುವಷ್ಟರಲ್ಲಿ “ನನ್ನನ್ನ ಮದುವೆ ಆಗ್ತೀರಾ?” ಎಂದು ಕೇಳಿಯಾಗಿತ್ತು. ಅಕ್ಕನ ದವಡೆ ಊದಿಕೊಂಡು ಬಾಯಿ ತೆರೆಯಲಾಗುತ್ತಿರಲಿಲ್ಲ, ಪಾಪ. ಮೌನವೇ ಒಪ್ಪಿಗೆ ಎಂದುಕೊಂಡ ಮಹಾಶಯರು ಮಾರನೆಯ ದಿನ ತಾಯಿಯನ್ನು ಕರೆದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು.

ಮೇಡಂ ಓದುತ್ತಿದ್ದದ್ದೂ ಈ ರೋಗವನ್ನೇ, ಆದರೆ ಇಲಿಗಳಲ್ಲಿ. ಇಲಿಯನ್ನು ಒಂದು ಪೆಟ್ಟಿಗೆಗೆ ಬಿಡುತ್ತಾರೆ. ಹೋದ ತಕ್ಷಣ ಗುಂಡಿ ಒತ್ತಿದರೆ ಒಂದು ಕಾಳು, ದೀಪ ಹತ್ತುವವರೆಗೆ ಕಾದರೆ ನಾಲ್ಕು ಕಾಳು. ಲ್ಯಾಬಿನಲ್ಲೇ ಹುಟ್ಟಿದ ಇಲಿಗಳು ಮೀಸೆ ತೀಡುತ್ತ ಕಾಯುತ್ತಿದ್ದವು. ಬಯಲಿನವು ಓಡಿ ಹೋಗಿ ಒಂದು ಕಾಳಿಗೇ ಬಾಯಿ ಹಾಕುತ್ತಿದ್ದವು. ಆಮೇಲೆ ಮೆದುಳು ತೆಗೆದು ಅಳೆಯುವುದು. ಮೆದುಳು ನೋಡಬೇಕೆಂದರೆ ಇಲಿ ಬದುಕಿರುವಂತಿಲ್ಲ, ಅಷ್ಟೇ. ಬಯಲಿನ ಇಲಿಗಳ ಮೆದುಳಿನ ಮುಂಭಾಗ ಸಣ್ಣದೆಂದು ಮೇಡಂ ಕಂಡುಕೊಂಡರು, ಬಯಲಿನ ಇಲಿಯ ಹುಟ್ಟುಗುಣವೇ ಆತುರ ಎಂದು ಬರೆದರು. ಮೂರು ವರ್ಷದ ದುಡಿಮೆ. ಅದನ್ನು ಪರೀಕ್ಷಿಸಲು ಹೊರಗಿನಿಂದ ಮೂವರು ತಜ್ಞರು ಬರುವವರಿದ್ದರು.

ಭಾವ ಹನ್ನೊಂದು ವರ್ಷದಿಂದ ಹಂಗಾಮಿ ನೌಕರ. ಖಾಯಂ ಮಾಡುವ ಕಾಗದ ಟೈಪಾಗಿ ಮೇಡಂ ಮೇಜಿನ ಮೇಲಿತ್ತು, ಸಹಿ ಒಂದು ಬಾಕಿ. ತಜ್ಞರು ಬರುವ ಹಿಂದಿನ ದಿನ ಮೇಡಂ ಭಾವನನ್ನು ಕರೆದು ಹೇಳಿದರು: “ನಾಳೆ ಅವರು ಹೋಗೋವರೆಗೂ ಬಾಯಿಗೆ ಬೀಗ ಹಾಕ್ಕೊಳ್ಳಿ. ಹೋದ ತಕ್ಷಣ ಸಹಿ ಹಾಕ್ತೀನಿ.”

ಅಕ್ಕ ಮಾರನೆಯ ಬೆಳಿಗ್ಗೆ ಭಾವನ ಕೈಗೆ ಕಲ್ಲುಸಕ್ಕರೆಯ ದಪ್ಪ ತುಂಡು ಕೊಟ್ಟಳು. “ರೀ, ಇದನ್ನ ಬಾಯಲ್ಲಿ ಇಟ್ಕೊಳ್ಳಿ. ಕರಗೋವರೆಗೂ ತುಟಿ ಬಿಚ್ಚಬೇಡಿ.”

ಮೇಡಂ ತಜ್ಞರಿಗೆ ಪರದೆಯ ಮೇಲೆ ಚಿತ್ರ ತೋರಿಸುತ್ತ, “ಬಯಲಿನ ಇಲಿಗೆ ಕಾಯೋದೇ ಗೊತ್ತಿಲ್ಲ” ಎಂದರು. ನನ್ನ ಪಕ್ಕದಲ್ಲಿ ‘ಕಟುಂ’ ಎಂದು ಸದ್ದಾಯಿತು. ಕಲ್ಲುಸಕ್ಕರೆ ಹೋಯಿತು ಎಂದು ನನಗೆ ಗೊತ್ತಾಯಿತು.

“ಮೇಡಂ, ಕಾಯೋಕೆ ಗೊತ್ತಿರೋವು ಬೋನಿಗೆ ಬೀಳೋದೇ ಇಲ್ಲವಲ್ಲ! ನಾನು ತಂದಿದ್ದೆಲ್ಲ ನನ್ನ ಥರದವೇ.”

ತಜ್ಞರಲ್ಲಿ ಹಿರಿಯಾಕೆ ಕನ್ನಡಕ ತೆಗೆದು, “ನಿಮಗೆ ಹೇಗೆ ಗೊತ್ತು?” ಎಂದು ಕೇಳಿದರು. ಕೇಳಬಾರದಿತ್ತು. ಪ್ರತಿ ಬೋನಿನ ಬಾಯಲ್ಲಿ ಹಿಟ್ಟು ಉದುರಿಸಿಡುವುದು ಭಾವನ ಪದ್ಧತಿ, ಇಲಿ ಯಾವ ಕಡೆಯಿಂದ ಬಂತೆಂದು ತಿಳಿಯಲು. ಎಷ್ಟೋ ಬೋನುಗಳ ಮುಂದೆ ಹೆಜ್ಜೆಗಳು ಬಾಗಿಲವರೆಗೆ ಬಂದು, ತಿರುಗಿ ಹೋಗಿರುತ್ತಿದ್ದವು. ಹಿಂಗಾಲಿನ ಒಂದು ಬೆರಳಿಲ್ಲದ ಇಲಿಯಂತೂ ಎಂಟು ತಿಂಗಳಿಂದ ದಿನಾ ಬಂದು, ಎಲ್ಲ ಬೋನುಗಳನ್ನೂ ತಪಾಸಣೆ ಮಾಡಿ, ಯಾವುದನ್ನೂ ಮೆಚ್ಚದೆ ಹೋಗುತ್ತಿತ್ತು. ಭಾವ ಅದಕ್ಕೆ ‘ಅತ್ತೆಮ್ಮ’ ಎಂದು ಹೆಸರಿಟ್ಟಿದ್ದರು. ಇದನ್ನೆಲ್ಲ ಕೈಬಾಯಿ ತಿರುಗಿಸಿ ವಿವರಿಸಿಯೂ ಬಿಟ್ಟರು.

ಹಿರಿಯಾಕೆ ಬಿದ್ದು ಬಿದ್ದು ನಕ್ಕರು. ಮೇಡಂ ಮುಖ ಹುಳ್ಳಗಾಯಿತು.

ತಜ್ಞರು ಹೋದ ಮೇಲೆ ಕಾಗದ ಸಹಿಯಾಗದೆ ಡ್ರಾಯರಿಗೆ ಹೋಯಿತು. ಮೇಡಂ ಕೂಗಾಡಲಿಲ್ಲ, ಅದೇ ಭಯವಾದದ್ದು. “ಆ ಅತ್ತೆಮ್ಮನನ್ನ ಹಿಡಿದು ತನ್ನಿ. ಅದರ ಮೆದುಳು ನಾನು ನೋಡಬೇಕು. ತಂದ ದಿನ ಸಹಿ” ಎಂದರು.

ಅನುಮಾನದ ಇಲಿಯನ್ನು ಹಿಡಿಯಲು ಒಂದೇ ದಾರಿ. ಬೋನಿನ ಬಾಗಿಲನ್ನು ತಂತಿಯಿಂದ ತೆರೆದು ಕಟ್ಟಿ, ಒಳಗೆ ಕಾಳು ಹಾಕಿ, ಅದಕ್ಕೆ ಧೈರ್ಯ ಬರುವವರೆಗೆ ಸುಮ್ಮನಿರಬೇಕು. ಸುಮ್ಮನಿರಬೇಕಾದವರು ಯಾರು? ನನ್ನ ಭಾವ! ಮೂರನೆಯ ದಿನಕ್ಕೇ ಉಗುರು ಕಚ್ಚಿ ಮುಗಿದಿತ್ತು. ಸಂಜೆಯಾದರೆ “ಒಂದ್ಸಲ ನೋಡ್ಕೊಂಡು ಬರ್ತೀನಿ” ಎನ್ನುತ್ತಿದ್ದರು. ಅಕ್ಕ ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. “ಭಾವ, ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ, ನಿಮ್ಮ ತಲೆನೂ ಒಂದ್ಸಲ ಅಳೆಸೋಣ್ವಾ?” ಎಂದು ನಾನು ಕಾಡಿದೆ. ಆದರೂ ಕಾದರು. ಹಿಟ್ಟಿನ ಮೇಲಿನ ಹೆಜ್ಜೆ ಮೊದಲು ಹೊಸ್ತಿಲು ದಾಟಿತು, ಆಮೇಲೆ ಅರ್ಧ ಬೋನು, ಕೊನೆಗೆ ಕಾಳಿನವರೆಗೂ ಹೋಯಿತು. ಹದಿನೈದನೆಯ ದಿನ ತಂತಿ ಬಿಚ್ಚಿದರು.

ಮಾರನೆಯ ಬೆಳಿಗ್ಗೆ ಮೇಡಂ ತಾವೇ ಬಂದರು. ಬಟ್ಟೆಚೀಲ ಹಿಡಿದು ನಾನೂ ಹೋದೆ. ಬೋನಿನ ಬಾಗಿಲು ಮುಚ್ಚಿತ್ತು. ಭಾವ ಮಂಡಿಯೂರಿ, ಸಂದಿಯಿಂದ ಇಣುಕಿ, “ಇವಳೇ” ಎಂದರು. ಅವರ ದನಿಯಲ್ಲಿ ಖುಷಿಯೇ ಇರಲಿಲ್ಲ.

“ಕೊಡಿ ಇಲ್ಲಿ. ಕಾಗದ ನನ್ನ ಬ್ಯಾಗಲ್ಲೇ ಇದೆ” ಎಂದರು ಮೇಡಂ.

ಭಾವ ಬಾಗಿಲು ತೆರೆದುಬಿಟ್ಟರು.

ನಾನು “ಅಯ್ಯೋ ಭಾವ!” ಎಂದು ಕಿರುಚಿದೆ. ಆದರೆ ಇಲಿ ಓಡಲಿಲ್ಲ. ಹೊಸ್ತಿಲಿಗೆ ಮೂಗಿಟ್ಟು ಕೂತಿತು. ಒಂದು ಕಾಲು ಹೊರಗಿಟ್ಟಿತು, ಮತ್ತೆ ಒಳಗೆಳೆದುಕೊಂಡಿತು.

“ಮುಚ್ರೀ! ಇನ್ನೂ ಅಲ್ಲೇ ಇದೆ, ಮುಚ್ಚಿ!” ಎಂದು ಮೇಡಂ ಒದರಿದರು.

ಹತ್ತು ಸಲ ಮುಚ್ಚಬಹುದಿತ್ತು. ನನಗೆ ಅಕ್ಕನ ಮುಖ ನೆನಪಾಯಿತು. ಸುಳ್ಳೇಕೆ, ನಾನೇ ಕೈ ಚಾಚಿ ಮುಚ್ಚಿಬಿಡಲೇ ಎಂದುಕೊಂಡೆ. ಬಾಗಿಲು ತೆರೆದದ್ದು ಭಾವನ ಹಳೆಯ ಚಾಳಿ, ಅದನ್ನು ಯಾರು ಬೇಕಾದರೂ ನಂಬುತ್ತಾರೆ. ಆಮೇಲೆ ಮುಚ್ಚದೆ ಕೂತದ್ದು ಮಾತ್ರ ಆತುರವಲ್ಲ. ಬಾಗಿಲ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ, ತೊಡೆಯ ಮೇಲಿಟ್ಟುಕೊಂಡರು.

“ಯೋಚನೆ ಮಾಡಿ ಹೋಗು ತಾಯಿ,” ಎಂದರು. “ನನಗೇನೂ ಅವಸರ ಇಲ್ಲ.”