ಎರಡನೆಯ ಈಡು

ಹಂದಿಗೆ ಚರೆ, ಅಂದರೆ ಸೀಸದ ಸಣ್ಣ ಕಾಳು, ಸಾಲದು ಎಂಬುದು ಅಪ್ಪಯ್ಯನ ಸಿದ್ಧಾಂತ. "ಹತ್ತ್ ಮಾರಿಂದ ಹೊಡುಕೆ ಭಾರದ್ ಗುಂಡೇ ಬೇಕ್. ಚರೆ ಬಿದ್ರೆ ಅದಕ್ಕೆ ಬೆನ್ನ್ ತುರ್ಸಿದಂಗ್ ಆತ್ತ್" ಎನ್ನುತ್ತಿದ್ದರು. ಕೊಕ್ಕರ್ಣೆಯ ನಮ್ಮ ಗದ್ದೆ ಕಾಡಿನ ಅಂಚಿಗಿತ್ತು. ಬೆಳೆ ಕಾಯಲೆಂದು ಪರವಾನಗಿ ಪಡೆದ ಹಳೆಯ ಕೇಪಿನ ಕೋವಿಯೊಂದು ಮನೆಯಲ್ಲಿತ್ತು. ಮದ್ದು, ನಾರು, ಗುಂಡು ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಿ, ಗಜವೆಂಬ ಕಡ್ಡಿಯಿಂದ ಜಡಿಯಬೇಕು. ಹಾಗೆ ಒಮ್ಮೆ ತುಂಬಿದ್ದು ಒಂದು ಈಡು.

ಅಪ್ಪಯ್ಯನಿಗೆ ಹತ್ತಿರದ್ದು ಮಂಜಾಗಿ ಕಾಣತೊಡಗಿದ ಮೇಲೆ ಈಡು ತುಂಬುವುದು ನನ್ನ ಪಾಲಿಗೆ ಬಂತು. 2003ರಲ್ಲಿ ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಎಲ್ಲೆಲ್ಲಿಗೋ ಅರ್ಜಿ ಹಾಕಿ, ಅಂಚೆಯವನ ದಾರಿ ನೋಡುತ್ತ ಮನೆಯಲ್ಲಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಂಗಾರಕಟ್ಟೆಯ ಮಾವ ಹರಿದ ಬೀಸುಬಲೆಯ ಸೀಸದ ಮಣಿಗಳನ್ನು ತಂದುಕೊಡುತ್ತಿದ್ದರು. ಅಪ್ಪಯ್ಯ ಅವನ್ನು ಕರಗಿಸಿ ಅಚ್ಚಿಗೆ ಹೊಯ್ದರೆ, ನಾನು ಅಂಚನ್ನು ಅರದಿಂದ ಉಜ್ಜಿ, ಒಂದೊಂದು ಗುಂಡನ್ನೂ ತೂಗಿ, ತೂಕ ತಪ್ಪಿದ್ದನ್ನು ಮತ್ತೆ ಕರಗಿಸಲು ಹಾಕುತ್ತಿದ್ದೆ.

"ಹಂದಿ ತಕ್ಕಡಿ ಹಿಡ್ಕಂಡ್ ಬತ್ತಿಲ್ಲೆ ಮಾರಾಯ್ತಿ" ಎಂದು ಅಪ್ಪಯ್ಯ ನಗುತ್ತಿದ್ದರು.

ಈಡು ತುಂಬಿದ ಕೂಡಲೇ ಕೋವಿಯ ಪಟ್ಟಿಗೆ ನಾರಿನ ಎಳೆಯೊಂದನ್ನು ಕಟ್ಟುವುದು ನಮ್ಮ ಮನೆಯ ಪದ್ಧತಿ. ಹೊಡೆದ ಮೇಲಷ್ಟೇ ಅದನ್ನು ಬಿಚ್ಚಬೇಕು.

ಆ ನವರಾತ್ರಿಯಲ್ಲಿ ಈಡು ತುಂಬಿಟ್ಟು, ಎಳೆ ಕಟ್ಟಿ, ಒಂದು ಸಂದರ್ಶನಕ್ಕೆ ಹೋದವಳು ಮೂರು ದಿನ ಬಿಟ್ಟು ಬಂದೆ. ಕೆಲಸ ಸಿಕ್ಕಿರಲಿಲ್ಲ. ಅದನ್ನು ಮನೆಯಲ್ಲಿ ಹೇಳಲಿಲ್ಲ. ಕೋವಿಯ ಮೇಲೆ ಆಯುಧ ಪೂಜೆಯ ಕುಂಕುಮವಿತ್ತು, ಎಳೆ ಇರಲಿಲ್ಲ. ಅಪ್ಪಯ್ಯ ಹೊಡೆದಿದ್ದಾರೆ ಎಂದುಕೊಂಡು ಹೊಸ ಈಡು ತುಂಬಿದೆ. ಗಜ ಎಂದಿಗಿಂತ ಹೆಚ್ಚು ಹೊರಗೆ ನಿಂತಿತು. ನಾರು ಜಾಸ್ತಿಯಾಗಿರಬೇಕು ಎಂದುಕೊಂಡೆ. ಯಾರನ್ನಾದರೂ ಕೇಳಿದರೆ ಮಾತು ಸಂದರ್ಶನದ ಕಡೆ ತಿರುಗುತ್ತಿತ್ತು.

ಸಂಜೆ ಅಪ್ಪಯ್ಯ ಕೋವಿ ಹೆಗಲಿಗೇರಿಸಿ ಗದ್ದೆಗೆ ಹೋದರು. ನಾನು ಅಕ್ಕಿ ಆರಿಸಲು ಕೂತೆ, ಎದ್ದೆ, ಮತ್ತೆ ಕೂತೆ. ಆ ಗಜ ಕಣ್ಣೆದುರಿನಿಂದ ಹೋಗಲಿಲ್ಲ.

"ಅಮ್ಮ, ಕೋವಿ ಪಟ್ಟಿಗ್ ಒಂದ್ ನಾರ್ ಇತ್ತಲ್ದಾ?"

"ಆ ಕೊಳಕ್ ನಾರಾ? ಅದನ್ನ್ ಪೂಜಿಗ್ ಇಡುಕಾತ್ತಾ? ನಾನೇ ಬಿಚ್ಚಿ ಒಲಿಗ್ ಹಾಕ್ದೆ."

ಗೆರಸೆ ಅಲ್ಲೇ ಬಿಟ್ಟು ಓಡಿದೆ. ಒಂದೇ ನಳಿಗೆಯಲ್ಲಿ ಎರಡು ಈಡಿನ ಮದ್ದು, ಎರಡು ಭಾರದ ಗುಂಡು. ಕೋವಿಯ ಕುದುರೆ ಎಳೆದರೆ ನಳಿಗೆ ಒಡೆಯುವುದು ಅಪ್ಪಯ್ಯನ ಕೆನ್ನೆಯ ಪಕ್ಕದಲ್ಲಿ. ಓದಿದವಳಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಗದ್ದೆಯ ಅಂಚಿನಲ್ಲಿ ಎರಡು ಸಲ ಜಾರಿದೆ. ಅವರು ಮೊಣಕಾಲೂರಿ ಗುರಿ ಹಿಡಿದಿದ್ದರು. ಕೂಗಲು ಬಾಯಿ ತೆರೆದೆ, ಸ್ವರ ಬರಲಿಲ್ಲ. ಹೋಗಿ ಮೊಣಕೈ ಹಿಡಿದೆ. ಹಂದಿಗಳು ಪೈರು ಸೀಳಿಕೊಂಡು ಓಡಿದವು.

"ಎಂತ ಆಯ್ತೆ ನಿಂಗೆ?"

"ಹೊಡುಕಾಗ ಅಪ್ಪಯ್ಯ. ಎರಡ್ ಈಡ್ ಇತ್ತ್."

ಅವರು ಮದ್ದಿಗೆ ಕಿಡಿ ಕೊಡುವ ಕೇಪು ತೆಗೆದು ಜೇಬಿಗೆ ಹಾಕಿಕೊಂಡರು. ನಳಿಗೆಗೆ ಗಜ ಇಳಿಸಿ, ಹೊರಗೆ ಉಳಿದದ್ದನ್ನು ಬೆರಳಿನಲ್ಲಿ ಅಳೆದರು. ಎರಡು ಸಲ ಅಳೆದರು.

"ಇದ್ ಮೇಲ್ ನಿಂತದ್ದ್ ನೀ ಕಂಡಿಲ್ಯಾ?"

"ಕಂಡಿದೆ."

"ಕಂಡೂ ಒಂದ್ ಮಾತ್ ಕೇಂಬುಕಾಗ್ಲಿಲ್ಯಾ?"

ಆಗ ಸಂದರ್ಶನದ್ದು ಹೇಳಿದೆ.

"ಕೆಲ್ಸ ಸಿಕ್ಲಿಲ್ಲೆ ಅಂದ್ರೆ ನಾನ್ ಎಂತ, ಹೊಡಿತಿದ್ನಾ?" ಎಂದರು. ಕೋವಿಯನ್ನು ಬಾಯಿ ಆಚೆಗಿರುವಂತೆ ಅಂಚಿನ ಮೇಲೆ ಮಲಗಿಸಿದರು.

ಹಂದಿಗಳಿಗೆ ನಮ್ಮ ಸಂಗತಿ ತಿಳಿದಂತಿತ್ತು. ಬೆಳಕಿರುವಾಗಲೇ ಮರಳಿ ಬಂದು ತೆನೆಗೆ ಬಾಯಿ ಹಾಕಿದವು. ಅಪ್ಪಯ್ಯ ಎದ್ದು ಚಪ್ಪಾಳೆ ತಟ್ಟುತ್ತ ಕೂಗತೊಡಗಿದರು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ನಾನೂ ಗಂಟಲು ಬಿಟ್ಟು ಕೂಗಿದೆ.