ಗಾಡಿಯ ಬಾಲದಲ್ಲಿ ಕಲ್ಲು

ಓರಿನ್ ಸ್ಕಾರ್ ಅಂತ ಒಬ್ಬ ಇದ್ದ, ಇಲ್ಲೇ ಡಕೋಟಾದಲ್ಲಿ, ನಮ್ಮ ಬೀದಿ ಕೊನೇಲಿ. ಇದ್ದ ಅಂದ ತಕ್ಷಣ ಸಾಯಿಸ್ಬೇಡಿ, ಗುಂಡುಕಲ್ಲಿನ ಹಾಗೆ ಇನ್ನೂ ಇದಾನೆ. ಹಾರ್ಡ್‌ವೇರ್ ಅಂಗಡಿ ಕೌಂಟರ್ ಹಿಂದೆ ನಿಂತು, ಇಡೀ ಊರಿಗೆ ಬುದ್ಧಿ ಹೇಳಿ ಹೇಳಿ ತಲೆ ಬೋಳಾದ ಮನುಷ್ಯ. ನಾಲ್ಕು ಮೊಳೆ ಕೊಡಪ್ಪಾ ಅಂತ ಹೋದ್ರೆ, ಎಲ್ಲಿ ಹೊಡೀತೀಯ, ಯಾಕೆ ಹೊಡೀತೀಯ, ಹೊಡೆಯೋ ಅಷ್ಟು ಅನುಭವ ಇದ್ಯಾ ನಿಂಗೆ, ಎಲ್ಲಾ ಕೇಳಿ, ಕೊನೆಗೆ ಮೊಳೆ ಬೇಡ ಸ್ಕ್ರೂ ತಗೊಂಡ್ ಹೋಗು ಅಂತಿದ್ದ. ಅವನ ಮನೆ ಬಚ್ಚಲಲ್ಲಿ ನಲ್ಲಿ ಮಾತ್ರ ವರ್ಷಗಟ್ಟಲೆಯಿಂದ ತೊಟ್ಟಿಕ್ತಾನೇ ಇತ್ತು. ಅವನ ಹೆಂಡ್ತಿ ಮಾರ್ಲಿಸ್ ಅದರ ಕೆಳಗೆ ಒಂದು ಸ್ಪಂಜು ಇಟ್ಟಿದ್ಲು, ಸದ್ದು ಕೇಳ್ಬಾರ್ದು ಅಂತ. ಆ ಹೆಂಗಸಿನ ಸ್ವಭಾವ ಹಾಗೆ. ಸ್ಪಂಜು ಇಡೋಳು.

ಮಾರ್ಲಿಸ್ ಹಂದಿ ಸಾಕೋರ ಮನೆ ಮಗಳು. ಅವಳ ಹತ್ರ ಒಂದು ಅಕಾರ್ಡಿಯನ್ ಇತ್ತು, ಎದೆಗೆ ಕಟ್ಕೊಂಡು ಎಳೆದು ಒತ್ತಿ ನುಡಿಸೋ ಪೆಟ್ಟಿಗೆ, ಅವಳ ತಾಯಿದು. ಚರ್ಚಿನ ನೆಲಮಾಳಿಗೇಲಿ ಯಾರ ಮದುವೆ ಊಟ ಇದ್ರೂ, ಕಾಫಿ ಕುಡಿದು ಕುರ್ಚಿಗಳನ್ನ ಗೋಡೆಗೆ ಸರಿಸಿದ ಮೇಲೆ, ಮಾರ್ಲಿಸ್ ಪೆಟ್ಟಿಗೆ ಕಟ್ಕೊಳ್ಳೋಳು. ಬಾಯಿ ತೆಗೆದು ನಾಲ್ಕು ಮಾತಾಡದ ಹೆಂಗಸು, ಆ ಪೆಟ್ಟಿಗೆ ಎದೆ ಮೇಲೆ ಬಂದ್ರೆ ಮಂಡಿ ನೋವಿನ ಮುದುಕರನ್ನೂ ಎಬ್ಬಿಸಿ ಕುಣಿಸ್ತಿದ್ಲು. ಅವಳ ತಂಗಿ ಲವೋನ್ ಮದುವೇಲಿ ನೆಲ ಅಲ್ಲಾಡಿತ್ತು, ಪಕ್ಕದ ಕೋಣೆ ಬಾಯ್ಲರ್ ಕೆಟ್ಟೋಗಿ ಪಾದ್ರಿ ಒಂದು ವಾರ ಮುಖ ಗಂಟಿಕ್ಕೊಂಡಿದ್ರು.

ಸರಿ. ಓರಿನ್ ರಿಟೈರ್ ಆದ. ಬುದ್ಧಿ ಹೇಳಕ್ಕೆ ಕೌಂಟರ್ ಇಲ್ವಲ್ಲ, ಹೊಟ್ಟೆ ಉಬ್ಬರ ಬಂದೋರ ಥರ ಮನೆ ತುಂಬಾ ಓಡಾಡ್ದ. ಆಮೇಲೆ ಒಂದು ಎಸ್‌ಯುವಿ ತಗೊಂಡ, ಅದರ ಹಿಂದೆ ಎಳ್ಕೊಂಡು ಹೋಗೋ ಟ್ರೈಲರ್ ಮನೆ ತಗೊಂಡ. ಬಿಳೀದು, ಪಕ್ಕದಲ್ಲಿ ನೀಲಿ ಬಣ್ಣದ ಸುರುಳಿ ಗೀಟು. ಎಲ್ಲರ ಟ್ರೈಲರ್ ಮೇಲೂ ಅದೇ ಗೀಟು, ಆದ್ರೆ ತನ್ನದನ್ನ ಮಾತ್ರ ಆಳಿಟ್ಟು ಕೈಯಲ್ಲಿ ಬರೆಸ್ದಂಗೆ ತೋರಿಸ್ತಿದ್ದ. ಲವೋನ್ ಮದುವೆಗೆ ಐವತ್ತು ವರ್ಷ ತುಂಬ್ತಾ ಇತ್ತು, ಅವಳೂ ಗಂಡ ಗೇಲನ್ನೂ ಇರೋದು ಪಕ್ಕದ ರಾಜ್ಯ ಮೊಂಟಾನಾದಲ್ಲಿ. ಮೊದಲನೇ ಪ್ರಯಾಣ ಅಲ್ಲಿಗೇ ಅಂತಾಯ್ತು.

ಅವತ್ತಿಂದ ಓರಿನ್‌ಗೆ ತೂಕದ ಹುಚ್ಚು ಹಿಡೀತು. ಟ್ರೈಲರ್‌ಗೆ ಇಷ್ಟೇ ಹೊರೆ ಅಂತ ಲೆಕ್ಕ ಇರತ್ತೆ, ಅದು ನಿಜ, ಅದರಲ್ಲಿ ತಪ್ಪಿಲ್ಲ. ಆದ್ರೆ ಇವನು ತೂಗೋ ಚಂದ ನೋಡ್ಬೇಕಿತ್ತು. ಬಚ್ಚಲಲ್ಲಿರೋ ತೂಕದ ಮಿಷನ್ ಮೇಲೆ ಸಾಮಾನು ಹಿಡ್ಕೊಂಡು ನಿಲ್ತಿದ್ದ, ಬಂದಿದ್ದರಲ್ಲಿ ತನ್ನ ತೂಕ ಕಳೀತಿದ್ದ. ತನ್ನ ತೂಕ ಅಂದ್ರೆ ಮದುವೆ ದಿನದ್ದು. ಆಮೇಲೆ ಬೆಳೆದಿರೋ ಹೊಟ್ಟೇನ ಒಪ್ಕೊಂಡೋನೇ ಅಲ್ಲ. ಹಂಗಾಗಿ ಆ ಹೊಟ್ಟೆಯೆಲ್ಲ ಮಾರ್ಲಿಸ್ ಸಾಮಾನಿನ ಲೆಕ್ಕಕ್ಕೆ ಹೋಯ್ತು. ಅವಳ ಕಬ್ಬಿಣದ ಬಾಣಲೆ ಒಂದು ಕುರಿಯಷ್ಟು ಭಾರ ಬಂತು. ಅಕಾರ್ಡಿಯನ್ ಒಂದು ಕರುವಿನಷ್ಟು.

"ಇದು ಬರೋ ಹಾಗಿಲ್ಲ," ಅಂದ.

"ನಾನು ನುಡಿಸ್ತೀನಿ ಅಂತಾನೇ ಲವೋನ್ ಹಾಲ್ ಬಾಡಿಗೆಗೆ ತಗೊಂಡಿರೋದು," ಅಂದ್ಲು ಮಾರ್ಲಿಸ್. "ಗೇಲನ್ ಸೊಂಟದ ಆಪರೇಷನ್ ಮುಂದಕ್ಕೆ ಹಾಕ್ಸಿದಾನೆ, ಅವಳ ಜೊತೆ ಒಂದು ಸಲ ಕುಣೀಲೇಬೇಕು ಅಂತ."

"ಫೋನಲ್ಲಿ ಹಾಡು ಹಾಕ್ಕೊಂಡು ಕುಣೀಲಿ. ತೂಕ ಅಂದ್ರೆ ತೂಕ, ಮಾರ್ಲಿಸ್. ಇದು ನಾನು ಮಾಡಿರೋ ಕಾನೂನಲ್ಲ, ಭೂಮಿದು."

ಭೂಮಿ ಇವನ ಅಂಗಡೀಲಿ ಕೆಲಸಕ್ಕಿತ್ತು ನೋಡಿ. ಮಾರ್ಲಿಸ್ ಪೆಟ್ಟಿಗೇನ ಹಾಸಿಗೆ ಮೇಲೆ ಇಟ್ಟು, ಮಗೂಗೆ ಹೊದಿಸ್ದಂಗೆ ಕೌದಿ ಹೊದಿಸಿ, ಬಂದು ಗಾಡೀಲಿ ಕೂತ್ಲು. ತಂಗಿಗೆ ಏನು ಮುಖ ತೋರ್ಸೋದು ಅನ್ನೋದೊಂದೇ ತಲೇಲಿ. ಗೇಲನ್ ಕೋಲು ಊರ್ಕೊಂಡು ಹಾಲ್ ಮಧ್ಯ ನಿಂತಿರೋದು, ಹಾಡಿಲ್ಲದೆ ಎಲ್ಲರೂ ಕಾಫಿ ಲೋಟ ನೋಡ್ಕೊಂಡಿರೋದು, ಅದೇ ಕಣ್ಣಿಗೆ ಕಟ್ತಿತ್ತು.

ಊರು ದಾಟಿ ಹೆದ್ದಾರಿಗೆ ಬಂದ್ರು. ಓರಿನ್ ಸೂರ್ಯಕಾಂತಿ ಬೀಜ ಬಾಯಿಗೆ ಹಾಕ್ಕೊಂಡು, ಸಿಪ್ಪೇನ ಲೋಟಕ್ಕೆ ಉಗೀತಾ, ದಾರೀಲಿ ಹೋಗೋ ಪ್ರತಿ ಟ್ರೈಲರ್‌ಗೂ ಒಂದೊಂದು ಕೊಂಕು ತೆಗೀತಿದ್ದ. ಇವನು ಸೈಕಲ್ ಹಿಂದೆ ಕಟ್ಟಿದಾನೆ, ಬುದ್ಧಿಯಿಲ್ಲ. ಅವನದು ನೋಡು, ಮೂತಿ ನೆಲ ಮೂಸ್ತಿದೆ. ಅಷ್ಟರಲ್ಲಿ ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಯ್ತು. ಇವರ ಟ್ರೈಲರ್ ಹಿಂದೆ ಆ ಕಡೆ ಈ ಕಡೆ ಬಾಲ ಆಡಿಸ್ತು, ಮುಂದಿನ ಎಸ್‌ಯುವಿನೂ ಜೊತೇಲಿ ಎಳೀತು.

"ಗಾಳಿ," ಅಂದ ಓರಿನ್.

ಮಾರ್ಲಿಸ್ ಕನ್ನಡೀಲಿ ನೋಡಿದ್ಲು. "ಹಿಂದೆ ಭಾರ ಜಾಸ್ತಿಯಾಗಿದೆ, ಓರಿನ್. ಅಪ್ಪನ ಜೊತೆ ಹಂದಿ ಸಂತೆಗೆ ಹೋಗೋವಾಗ, ಹಂದಿಗಳೆಲ್ಲ ಹಿಂದಕ್ಕೆ ಹೋಗಿ ಒತ್ಕೊಂಡ್ರೆ ಗಾಡಿ ಹೀಗೇ ಆಡ್ತಿತ್ತು. ನಿಲ್ಲಿಸಿ ಮುಂದಕ್ಕೆ ಅಟ್ತಿದ್ವಿ."

"ಇದು ಹಂದಿ ಗಾಡಿಯಲ್ಲ."

"ಹೌದು, ಹಂದಿ ಮುಂದಿನ ಸೀಟಲ್ಲಿದೆ."

ನೋಡಿ, ಅಷ್ಟು ವರ್ಷದಲ್ಲಿ ಅವಳು ಹಂಗೆ ಅಂದಿದ್ದು ಅದೇ ಮೊದಲು. ಓರಿನ್ ಕೇಳಿಸ್ಕೊಳ್ದೇ ಇರೋರ ಥರ ಬೀಜ ಅಗೀತಾ ಕೂತ.

ಮಿಸೌರಿ ನದಿ ಸೇತುವೆ ಮೇಲೆ ಗಾಳಿ ಅಡ್ಡ ಹೊಡೀತು. ಟ್ರೈಲರ್ ಎಷ್ಟು ಆಡ್ತು ಅಂದ್ರೆ, ಬೀಜದ ಲೋಟ ಮಗುಚಿ ಓರಿನ್ ಪ್ಯಾಂಟೆಲ್ಲ ಉಗುಳು. ಮಾರ್ಲಿಸ್ ಬಾಗಿಲ ಹಿಡಿ ಹಿಡ್ಕೊಂಡು ಕೆಳಗೆ ನೀರು ನೋಡಿದ್ಲು. ಸೇತುವೆ ಇಳಿದದ್ದೇ ಓರಿನ್ ಮೊದಲು ಸಿಕ್ಕಿದ ಕ್ಯಾಂಪಿಗೆ, ಟ್ರೈಲರ್‌ನೋರು ರಾತ್ರಿ ತಂಗೋ ಮೈದಾನಕ್ಕೆ, ತಿರುಗಿಸ್ದ. ಇನ್ನೂ ದೂರ ಹೋಗ್ಬೇಕಿತ್ತು, ಆದ್ರೆ ಈ ಜಾಗ ಚೆನ್ನಾಗಿದೆ ಅಂತೆ, ನದಿ ಕಾಣತ್ತಂತೆ. ಪ್ಯಾಂಟಿನ ಉಗುಳು ಒರೆಸ್ಕೊಳೋದೂ ಮರೆತಿದ್ದ ಮಹರಾಯ.

ಕ್ಯಾಂಪುಗಳಲ್ಲಿ ಸಂಜೆ ಹೊತ್ತು ಏನು ಮನರಂಜನೆ ಹೇಳಿ. ಮಡಚೋ ಕುರ್ಚಿ ಹಾಕ್ಕೊಂಡು, ಕೈಯಲ್ಲಿ ಬಿಯರ್ ಡಬ್ಬಿ ಹಿಡ್ಕೊಂಡು, ಹೊಸದಾಗಿ ಬಂದೋರು ಟ್ರೈಲರ್ ರಿವರ್ಸ್ ತಗೊಳೋದನ್ನ ನೋಡೋದು. ಓರಿನ್ ರಿವರ್ಸ್ ತಗೊಂಡ. ಒಂದು ಕಸದ ಡಬ್ಬಿ ಉರುಳ್ತು, ಮರದ ಒಂದು ಕೊಂಬೆ ಮುರೀತು. ಪಕ್ಕದ ಜಾಗದಲ್ಲಿ ನೆಬ್ರಾಸ್ಕಾದ ಡಾರ್ಲಾ ಅಂತ ಒಬ್ಬಳು, ಗಂಡನ ಕಡೆ ಬಾಗಿ, "ಇನ್ನೊಂದು ಡಬ್ಬಿ ತಾರೋ, ಇದು ಬೇಗ ಮುಗಿಯೋ ಹಾಗಿಲ್ಲ," ಅಂದ್ಲು. ಬಿಯರ್ ಡಬ್ಬಿ.

ಅಂತೂ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಮರದ ತುಂಡು ಕೊಟ್ಟು, ಕೊಂಡಿ ಬಿಚ್ಚಿ, ಎಸ್‌ಯುವಿನ ಮುಂದಕ್ಕೆ ತಗೊಂಡ್ರು. ಟ್ರೈಲರ್ ಮೂತಿ ಒಂಟಿ ಕಾಲಿನ ಜಾಕ್ ಮೇಲೆ ನಿಂತಿತ್ತು. ಓರಿನ್ ಅಂಗಡಿಯಿಂದ ತಂದಿದ್ದ ರಸಮಟ್ಟ ಎತ್ಕೊಂಡ, ಗಾರೆಯೋರು ಮಟ್ಟ ನೋಡಕ್ಕೆ ಇಡ್ತಾರಲ್ಲ, ಗುಳ್ಳೆ ಇರೋ ಪಟ್ಟಿ.

"ಟ್ರೈಲರ್ ಹಿಂದೆ ಊರೋ ಕಾಲು ಇಳಿಸಿ ಆಮೇಲೆ ಒಳಗೆ ಹೋಗು," ಅಂದ್ಲು ಮಾರ್ಲಿಸ್.

"ಮೊದ್ಲು ಲೆವೆಲ್ಲು, ಆಮೇಲೆ ಕಾಲು. ಯಾವುದು ಮೊದ್ಲು ಅಂತ ನಂಗೆ ಹೇಳ್ಕೊಡ್ತೀಯಾ?"

ಒಳಗೆ ಹೋದ. ಧಡ್ ಧಡ್ ಅಂತ ಹೆಜ್ಜೆ ಹಿಂದಿನ ಮಂಚದ ಕಡೆ ಹೋಗಿದ್ದು ಕೇಳಿಸ್ತು. ಆಗ ಟ್ರೈಲರ್ ಮೂತಿ ನಿಧಾನವಾಗಿ ಮೇಲೆದ್ದು, ಕುದುರೆ ಮುಂಗಾಲೆತ್ತಿದ ಹಾಗೆ ಆಕಾಶ ನೋಡ್ತು. ಹಿಂಭಾಗ ಮಣ್ಣಿಗೆ ಕೂತ್ಕೊಳ್ತು. ಒಳಗೆ ತಟ್ಟೆ, ಡಬ್ಬಿ, ಇನ್ನೂ ಏನೇನೋ ಉರುಳಿದ ಸದ್ದು. ಇಡೀ ಕ್ಯಾಂಪ್ ಬಿಯರ್ ಡಬ್ಬಿ ಕೆಳಗಿಟ್ತು.

ಒಳಗಿಂದ ಓರಿನ್ ದನಿ ಬಂತು. "ಮಾರ್ಲಿಸ್, ಲೆವೆಲ್ ಇಲ್ಲ."

ಡಾರ್ಲಾ ಕುರ್ಚಿಯಿಂದ ಕೆಳಗೆ ಬಿದ್ಲು.

ಗಂಡಸರು ಬಂದು ಮೂತಿಗೆ ಜೋತುಬಿದ್ದು ಕೆಳಗಿಳಿಸಿದ್ರು, ಕಾಲು ಕೊಟ್ಟು ನಿಲ್ಲಿಸಿದ್ರು. ಮಾರ್ಲಿಸ್ ಒಳಗೆ ಹೋಗಿ ನೋಡ್ತಾಳೆ, ಹಿಂದಿನ ಮಂಚದ ಕೆಳಗಿಂದ ಬಕೆಟ್ ಬಕೆಟ್ ಕಲ್ಲು ನೆಲಕ್ಕೆ ಚೆಲ್ಲಿದೆ. ಒಂದೊಂದೂ ಇವನ ಚಳಿಗಾಲದ ಉದ್ದ ಒಳಚಡ್ಡೀಲಿ ಸುತ್ತಿದ್ದು. ಕಲ್ಲಾಗಿ ಹೋದ ಮರದ ತುಂಡು, ಕೆಂಪು ಕಲ್ಲು, ಪಾಲಿಶ್ ಮಾಡಿದ್ದು. ವರ್ಷಗಟ್ಟಲೆ ಗ್ಯಾರೇಜಲ್ಲಿ ಕೂಡಿಹಾಕಿದ್ದನ್ನ, ಕಳ್ಳನ ಹಾಗೆ ತಂದು ತುಂಬಿದಾನೆ. ಓರಿನ್ ಅದರ ಮಧ್ಯೆ ಕಾಲು ಚಾಚಿ ಕೂತಿದ್ದ, ರಸಮಟ್ಟ ಇನ್ನೂ ಕೈಯಲ್ಲೇ.

"ಇದೇನು?"

"ಸ್ಯಾಂಪಲ್ಲು. ಮೊಂಟಾನಾದಲ್ಲಿ ಕಲ್ಲು ಬದಲಾಯಿಸ್ಕೊಳೋರು ಸಿಗ್ತಾರೆ."

"ತೂಗಿದ್ಯಾ?"

ಓರಿನ್ ಚಡ್ಡಿ ಮಡಚಕ್ಕೆ ಶುರು ಮಾಡ್ದ. "ಕಲ್ಲನ್ನ ಯಾರು ತೂಗ್ತಾರೆ, ಮಾರ್ಲಿಸ್."

ಅವಳು ಕೂಗ್ಲಿಲ್ಲ. ಕೂಗಿದ್ರೆ ಓರಿನ್‌ಗೆ ಸಲೀಸಾಗ್ತಿತ್ತು, ವಾದ ಮಾಡ್ತಿದ್ದ. ಅವಳು ಕೈ ಚಾಚಿದ್ಲು. "ಎಸ್‌ಯುವಿ ಕೀ ಕೊಡು."

"ನೀನು ಅದನ್ನ ಓಡ್ಸೇ ಇಲ್ವಲ್ಲ. ಎಲ್ಲಿಗೆ?"

"ಮನೆಗೆ. ನಿನ್ನ ಲೆಕ್ಕದ ಕರು ಹೊಡ್ಕೊಂಡು ಬರ್ತೀನಿ. ನಾನು ವಾಪಸ್ ಬರೋಷ್ಟರಲ್ಲಿ ಈ ಗಾಡೀಲಿ ಒಂದು ಕಲ್ಲಿರ್ಬಾರ್ದು. ಇದ್ರೆ ಕರು ಕಟ್ಕೊಂಡು ನಾನೊಬ್ಬಳೇ ಮೊಂಟಾನಾಗೆ ಹೋಗ್ತೀನಿ, ನೀನು ಕಲ್ಲು ಕಾಯ್ಕೊಂಡು ಇಲ್ಲೇ ಇರು."

ಕೀ ಕೊಟ್ಟ. ಕೊಡ್ದೆ ಏನ್ಮಾಡ್ತಾನೆ, ಬಾಗಿಲಲ್ಲಿ ಅರ್ಧ ಕ್ಯಾಂಪ್ ನಿಂತು ನೋಡ್ತಿತ್ತು.

ಮಾರನೇ ದಿನ ಅವಳು ಅಕಾರ್ಡಿಯನ್ನನ್ನ ಮುಂದಿನ ಸೀಟಲ್ಲಿ ಕೂರ್ಸಿ, ಬೆಲ್ಟ್ ಹಾಕಿ ತಂದ್ಲು. ಕಬ್ಬಿಣದ ಬಾಣಲೆನೂ ಬಂತು. ಕಲ್ಲೆಲ್ಲ ಬೆಂಕಿಗುಂಡಿ ಸುತ್ತ ಹೊರಗೆ ಬಿದ್ದಿತ್ತು. ಅದರ ಪಕ್ಕ ಓರಿನ್, ಹೊಸದಾಗಿ ಬಂದ ಒಬ್ಬ ಪಾಪದ ಮನುಷ್ಯನನ್ನ ಹಿಡಿದು ನಿಲ್ಲಿಸ್ಕೊಂಡು ಹೇಳ್ತಿದ್ದ, "ಭಾರ ಯಾವತ್ತೂ ಹಿಂದೆ ಇರ್ಬಾರ್ದು ಕಣಪ್ಪಾ, ಬಾಲ ಆಡತ್ತೆ. ನಿನ್ನೆ ಇವರಿಗೆಲ್ಲ ಎತ್ತಿ ತೋರಿಸ್ದೆ." ಡಾರ್ಲಾ ಮಾರ್ಲಿಸ್ ಮುಖ ನೋಡಿದ್ಲು. ಮಾರ್ಲಿಸ್ ಡಾರ್ಲಾ ಮುಖ ನೋಡಿದ್ಲು. ಏನಂತ ಹೇಳೋದು ಇಂಥವನಿಗೆ. ಪೆಟ್ಟಿಗೇನ ಟ್ರೈಲರ್ ಮುಂಭಾಗದಲ್ಲಿ ಇಡೋವಾಗಲೂ ಓರಿನ್ ಹಿಂದೆ ಬಂದು ನಿಂತು, "ಇನ್ನೂ ಸ್ವಲ್ಪ ಮುಂದೆ ತಳ್ಳು, ನಾನು ಹೇಳ್ಲಿಲ್ವಾ," ಅಂದ.

ಮೊಂಟಾನಾ ತನಕ ಗಾಡಿ ಎಣ್ಣೆ ಸುರಿದ ಹಾಗೆ ಹೋಯ್ತು, ಅರ್ಧ ದಾರಿ ಮಾರ್ಲಿಸೇ ಓಡಿಸಿದ್ಲು. ಗೇಲನ್ ಕೋಲು ಗೋಡೆಗೆ ಒರಗಿಸಿ ಲವೋನ್ ಜೊತೆ ಕುಣಿದ, ಮಾರ್ಲಿಸ್ ನುಡಿಸಿದ ಒಂದಲ್ಲ ಮೂರು ಹಾಡಿಗೆ. ಓರಿನ್ ಕಾಫಿ ಮೇಜಿನ ಹತ್ರ ಯಾರಿಗೋ ಕೀಲುಬೇನೆ ವಿಷಯದಲ್ಲಿ ಬುದ್ಧಿ ಹೇಳ್ತಿದ್ದ.

ವಾಪಸ್ ಬರೋವಾಗ ಮಾರ್ಲಿಸ್ ಚಮಚ ಹುಡುಕ್ತಾ ಟ್ರೈಲರ್ ಮುಂಭಾಗದ ಡ್ರಾಯರ್ ತೆಗೆದ್ಲು. ಅಲ್ಲಿ, ಕಾಲುಚೀಲದೊಳಗೆ ಒಂದು ಕೆಂಪು ಕಲ್ಲು. ಕೈಯಲ್ಲಿ ಹಿಡಿದು ತೂಗಿ ನೋಡಿದ್ಲು. ಮುಂದೆ ತಾನೇ ಇದೆ ಅಂತ ಡ್ರಾಯರ್ ಮುಚ್ಚಿದ್ಲು.